ಹೊರಗಿನವರು ಯಾರೂ ಬಂದಿಲ್ಲ

ಜೂನ್ 3

ಗುಬ್ಬಿ,

ನಾವಿಬ್ಬರೂ ಆರಾಮ. ಕೋಳಿಗಳು ಆರಾಮಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು "ಅಮ್ಮಾ, ಲ್ಯಾಬಲ್ಲಿದೀನಿ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಡುತ್ತೀಯ. ಕಾಗದವಾದರೆ ನಾನು ಮುಗಿಸುವವರೆಗೂ ನೀನು ಕೇಳಲೇಬೇಕು.

ಹೋದ ವಾರ ಹಿಂದಿನ ಶೆಡ್ಡಿನ ಕೋಳಿಗಳು ರೆಕ್ಕೆ ಇಳಿಬಿಟ್ಟುಕೊಂಡು ಮಂಕಾಗಿ ಕೂತವು. ಜುಟ್ಟು ಬಿಳಿಚಿಕೊಂಡಿತು. ಬೆಳಿಗ್ಗೆ ಬಾಗಿಲು ತೆಗೆದರೆ ಕಿವಿ ಕಿತ್ತುಹೋಗುವಂತೆ ಕೂಗುತ್ತಿದ್ದಂಥವು ತುಟಿ ಪಿಟಕ್ಕೆನ್ನಲಿಲ್ಲ. ಕೋಳಿಗೆ ತುಟಿ ಇಲ್ಲ ಎಂದು ನೀನು ತಿದ್ದಬೇಡ. ಡಾಕ್ಟರು ಬಂದು ನೋಡಿ, "ಇದು ಕೋಳಿಗಳ ಟೈಫಾಯ್ಡ್. ಬ್ಯಾಕ್ಟೀರಿಯಾದಿಂದ ಬರೋದು. ಮೊಟ್ಟೆ ಮಾರೋದು ಸದ್ಯಕ್ಕೆ ನಿಲ್ಲಿಸಿ," ಎಂದರು. ಸತ್ತ ಕೋಳಿಗಳ ಸ್ಯಾಂಪಲ್ ತೆಗೆದು ನಿಮ್ಮ ಲ್ಯಾಬಿಗೇ ಕಳಿಸಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರಸ್ತೆಯ ಆಚೆ, ನಿನ್ನ ಚಿಕ್ಕಮ್ಮನ ಫಾರಂನಲ್ಲೂ ಇದೇ ಕಾಯಿಲೆ. ಇದು ಅವಳ ಕಡೆಯಿಂದಲೇ ಬಂದದ್ದು. ನನಗೆ ಸಂಶಯವೇ ಇಲ್ಲ. ಅವಳೇನೋ ಡಾಕ್ಟರ ಹತ್ತಿರ, "ಗಾಳಿ ಆ ಕಡೆಯಿಂದ ಬೀಸುತ್ತೆ" ಎಂದಳಂತೆ. ಗಾಳಿ! ಅವಳಿಗೆ ಗಾಳಿಯ ವಿಷಯ ಎಷ್ಟು ತಿಳಿಯುತ್ತದೆಂದು ನನಗೆ ಗೊತ್ತಿಲ್ಲವೇ? ಮೂರು ವರ್ಷದ ಹಿಂದೆ ಅವಳ ಫಾರಂ ಶುರುವಾದ ದಿನ, ಬಂದವರೆಲ್ಲರ ಮುಂದೆ, "ಫ್ಯಾನುಗಳನ್ನ ಹಿಂದುಮುಂದಾಗಿ ಹಾಕ್ಸಿದೀಯಲ್ಲೇ" ಎಂದೆ. ನಾನು ಹೇಳಿದ್ದು ಸರಿಯಾಗಿತ್ತು. ಮರುದಿನವೇ ಬಿಚ್ಚಿಸಿ ತಿರುಗಿಸಿ ಹಾಕಿಸಿದಳು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ಸರಿ ಹೇಳಿದ್ದಕ್ಕೆ ಅಕ್ಕನನ್ನು ಬಿಟ್ಟವಳು ಇಡೀ ಲೋಕದಲ್ಲಿ ಇವಳೊಬ್ಬಳೇ ಇರಬೇಕು.

ಕಾಯಿಲೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕಂಡುಹಿಡಿಯುವುದೇ ನಿನ್ನ ಕೆಲಸವಲ್ಲವೇ? ಅದಕ್ಕೇ ಅಲ್ಲವೇ ಅಷ್ಟು ಓದಿಸಿದ್ದು? "ಆಚೆಯಿಂದ ಈಚೆಗೆ ಬಂತು" ಎಂದು ಒಂದು ಸಾಲು ಬರೆದು, ಸೀಲು ಹೊಡೆದು ಕಳಿಸು. ಕಟ್ಟು ಹಾಕಿಸಿ ಗೇಟಿಗೆ ತೂಗುಹಾಕುತ್ತೇನೆ.

ನಿಮ್ಮಪ್ಪ ದಿನಾ ಸಂಜೆ ವಾಕಿಂಗ್ ಹೋಗುತ್ತಿದ್ದಾರೆ. ಹೊಟ್ಟೆ ಮಾತ್ರ ಜಾಗ ಬಿಟ್ಟು ಕದಲಿಲ್ಲ.

ನ್ಯಾಯಕ್ಕಾಗಿ ಕಾಯುತ್ತಿರುವ,
ಅಮ್ಮ


ಜೂನ್ 12

ಅಮ್ಮಾ,

ಕೊನೆಯವರೆಗೂ ಓದಿದೆ. ಎರಡನೆಯ ಸಲ ಪಕ್ಕದ ಮೇಜಿನ ಗೆಳತಿಗೂ ಓದಿ ಹೇಳಿದೆ. ತುಟಿಯ ವಿಷಯ ಅವಳಿಗೆ ಬಹಳ ಹಿಡಿಸಿತು.

ಆದರೆ ನೀನು ಕೇಳಿದ ಸಾಲನ್ನು ಬರೆದುಕೊಡಲಾರೆ. ಇಲ್ಲಿಗೆ ಬರುವ ಸ್ಯಾಂಪಲ್‌ಗಳ ಮೇಲೆ ಬರೀ ನಂಬರು ಇರುತ್ತದೆ, ಯಾರ ಫಾರಂ ಎಂದು ಇರುವುದಿಲ್ಲ. ಹಾಗಿದ್ದರೂ ನಿನ್ನ ಕಾಗದ ಬಂದ ದಿನವೇ ನಮ್ಮ ಮೇಡಂಗೆ ವಿಷಯ ತಿಳಿಸಿದೆ. "ನಿಮ್ಮಮ್ಮನ ಕೋಳಿಗೆ ನೀನೇ ಜಡ್ಜ್ ಆಗೋದು ಬೇಡಮ್ಮ" ಎಂದು ನಕ್ಕು, ಆ ಕಡೆಯ ಸ್ಯಾಂಪಲ್‌ಗಳನ್ನೆಲ್ಲ ಗೆಳತಿಗೆ ಒಪ್ಪಿಸಿದರು. ಕೊನೆಯ ಲೆಕ್ಕವನ್ನು ಮಾತ್ರ ಎಲ್ಲರೂ ಸೇರಿ ನೋಡುತ್ತೇವೆ.

ಹೇಗೆ ಕಂಡುಹಿಡಿಯುತ್ತೇವೆ ಎಂದು ಅಪ್ಪ ಹಿಂದೊಮ್ಮೆ ಕೇಳಿದ್ದರು. ನಾನು ಶಾಲೆಯಲ್ಲಿ ಪಕ್ಕದವಳ ಲೆಕ್ಕ ನೋಡಿ ಬರೆದು ಸಿಕ್ಕಿಬಿದ್ದದ್ದು ನಿನಗೆ ನೆನಪಿದೆಯಲ್ಲ? ಟೀಚರ್ ಹೇಗೆ ಹಿಡಿದರು? ಉತ್ತರ ಸರಿಯಿದ್ದುದಕ್ಕಲ್ಲ. ಇಬ್ಬರೂ ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡಿದ್ದೆವು. ಬ್ಯಾಕ್ಟೀರಿಯಾದ ಒಳಗೂ ಒಂದು ಬರಹವಿರುತ್ತದೆ, ನಲವತ್ತೇಳು ಲಕ್ಷದಷ್ಟು ಅಕ್ಷರಗಳದ್ದು. ಒಂದು ಬ್ಯಾಕ್ಟೀರಿಯಾ ಎರಡಾಗುವಾಗ ಅಷ್ಟನ್ನೂ ನಕಲು ಮಾಡಬೇಕು. ಅಪರೂಪಕ್ಕೊಮ್ಮೆ ಒಂದಕ್ಷರ ತಪ್ಪುತ್ತದೆ. ಆ ತಪ್ಪು ಮಕ್ಕಳಿಗೆ, ಮೊಮ್ಮಕ್ಕಳಿಗೆ ಹಾಗೇ ಹೋಗುತ್ತದೆ. ನಾವು ತಪ್ಪುಗಳನ್ನು ಪಕ್ಕಪಕ್ಕ ಇಟ್ಟು, ಯಾರು ಯಾರಿಗೆ ನಂಟು ಎಂದು ನೋಡುತ್ತೇವೆ. ಅಷ್ಟೇ ವಿದ್ಯೆ.

ನಿನ್ನಿಂದ ನನಗೆ ಒಂದು ಸಹಾಯ ಬೇಕು. ಇತ್ತೀಚೆಗೆ ಶೆಡ್ಡಿಗೆ ಯಾರ್ಯಾರು ಬಂದರು, ಏನೇನು ಬಂತು, ಒಂದನ್ನೂ ಬಿಡದೆ ಬರಿ. ಡಾಕ್ಟರಿಗೆ ಹೇಳಿದ್ದನ್ನಲ್ಲ, ನಿಜವಾದದ್ದನ್ನು. ನಾನೂ ಅದನ್ನು ಅವರಿಗೇ ತಲುಪಿಸುತ್ತೇನೆ.

ಚಿಕ್ಕಮ್ಮ ಹೇಗಿದ್ದಾರೆ?

ನಿನ್ನ
ಗುಬ್ಬಿ


ಜೂನ್ 19

ಗುಬ್ಬಿ,

ಡಾಕ್ಟರಿಗೆ ಒಂದು, ಮಗಳಿಗೆ ಒಂದು ಹೇಳುವವಳು ನಾನಲ್ಲ. ಹೊರಗಿನವರು ಯಾರೂ ಬಂದಿಲ್ಲ. ಫೀಡ್ ಲಾರಿ ಗೇಟಿನಾಚೆಯೇ ನಿಲ್ಲುತ್ತದೆ. ಮೊಟ್ಟೆ ವ್ಯಾಪಾರಿಯ ಹಳೆಯ ಟ್ರೇಗಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಇಲಿಗಳು ಇದ್ದವು, ಈಗ ಬೆಕ್ಕಿದೆ. ಕಾಗೆಗಳಂತೂ ಆ ಕಡೆ ತಿಂದು ಈ ಕಡೆ ಬಂದು ಕೂರುತ್ತವೆ. ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೋ.

ಹೊಸದಾಗಿ ಬಂದದ್ದೆಂದರೆ ಪಂಜರಗಳು. ಸೇತುವೆಯ ಹತ್ತಿರದ ಫಾರಂ ಮುಚ್ಚಿತಲ್ಲ, ಅಲ್ಲಿಂದ ತರಿಸಿದೆ. ಹಳೆಯವಾದರೂ ಗಟ್ಟಿಮುಟ್ಟಾಗಿವೆ. ತೊಳೆಸಿದೆ. ಚೆನ್ನಾಗಿಯೇ ತೊಳೆಸಿದೆ. ಔಷಧಿ ನೀರು ಮುಗಿದು ಕೊನೆಯ ಸಾಲಿಗೆ ಬರೀ ನೀರು ಹಾಕಿರಬಹುದು. ಮೂಲೆಯಲ್ಲಿ ಎಲ್ಲೋ ಸ್ವಲ್ಪ ಕೊಳೆ ಇದ್ದಿರಬಹುದು. ಅದನ್ನು ಬರೆದುಕೊಳ್ಳಬೇಡ.

ಫೀಡ್ ಅಂಗಡಿಯವನು ಒಂದು ಸುದ್ದಿ ಹೇಳಿದ. ನಿನ್ನ ಚಿಕ್ಕಮ್ಮ ಫಾರಂ ಮಾರಿ ಮಗನ ಊರಿಗೆ ಹೋಗಿಬಿಡುತ್ತಾಳಂತೆ. ಕೊಳ್ಳುವವನು ಬಂದು ನೋಡಿಕೊಂಡೂ ಹೋದನಂತೆ. ಅರ್ಧದಷ್ಟು ಕೋಳಿ ಹೋದವಂತೆ ಅವಳಿಗೆ. ನನಗಿಂತ ಹೆಚ್ಚು. ಹೋಗಲಿ ಬಿಡು. ನನಗೇನಾಗಬೇಕು? ರಸ್ತೆ ಅಗಲವಾಗಿ ಕಾಣುತ್ತದೆ.

ನಿನ್ನೆ ಅವಳ ಅಡುಗೆಮನೆಯ ದೀಪ ಹೊತ್ತಲೇ ಇಲ್ಲ. ನಾನೇನೂ ನೋಡುತ್ತಾ ನಿಂತಿರಲಿಲ್ಲ, ಬಟ್ಟೆ ತೆಗೆಯಲು ಹೋದಾಗ ಕಣ್ಣಿಗೆ ಬಿತ್ತು. ಯಾವಾಗ ಹೋಗುತ್ತಾಳೆಂದು ನಿನಗೇನಾದರೂ ಗೊತ್ತಾದರೆ ತಿಳಿಸು. ಸುಮ್ಮನೆ, ಗೊತ್ತಿರಲಿ ಎಂದು.

ಆ ಸಾಲು ಇನ್ನೂ ಬಂದಿಲ್ಲ.

ಅಮ್ಮ


ಜೂನ್ 21

ಪ್ರೀತಿಯ ಮಗಳೇ,

ಈ ಕಾಗದ ನಿಮ್ಮಮ್ಮನಿಗೆ ತಿಳಿಯದ ಹಾಗೆ ಹಾಕುತ್ತಿದ್ದೇನೆ. ಉತ್ತರವನ್ನು ಮನೆಗೆ ಬರೆಯಬೇಡ. ಕ್ಷೌರದಂಗಡಿಯ ವಿಳಾಸ ಕೆಳಗಿದೆ, ಅಲ್ಲಿಗೆ ಬರಿ. ಅವನು ಬಾಯಿಗೆ ಬೀಗ ಹಾಕಿಕೊಳ್ಳುವವನು ಎಂದು ಅವನೇ ಹೇಳಿದ್ದಾನೆ.

ಒಂದು ವೈಜ್ಞಾನಿಕ ಸಂದೇಹ. ನನ್ನದಲ್ಲ, ನನ್ನ ಗೆಳೆಯರೊಬ್ಬರದು. ಬ್ಯಾಕ್ಟೀರಿಯಾದ ಆ ಬರಹದಲ್ಲಿ, ಅದನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊತ್ತು ತಂದವರು ಯಾರು ಎಂಬುದೂ ಇರುತ್ತದೆಯೇ? ಅಂದರೆ ಹೆಸರು, ಎತ್ತರ, ಹೊಟ್ಟೆ ಇತ್ಯಾದಿ? ಗಂಬೂಟಿನ ಅಡಿಯಲ್ಲಿ ಅದು ಎಷ್ಟು ಕಾಲ ಬದುಕೀತು?

ಗೆಳೆಯರ ಪರಿಸ್ಥಿತಿ ಹೀಗಿದೆ. ಅವರಿಗೂ ಅವರ ಷಡ್ಡಕರಿಗೂ ಒಳ್ಳೆಯ ಸ್ನೇಹ. ಹೆಂಡತಿಯರಿಬ್ಬರು, ಅಂದರೆ ಅಕ್ಕ ತಂಗಿ, ಮಾತು ಬಿಟ್ಟಿದ್ದಾರೆ. ಅವರು ಬಿಟ್ಟರೆಂದು ಇವರೇಕೆ ಬಿಡಬೇಕು? ಸಂಜೆ ವಾಕಿಂಗ್ ಎಂದು ಹೊರಟು, ಊರ ಹಿಂಬದಿಯಿಂದ ಸುತ್ತಿ, ಷಡ್ಡಕರ ಫಾರಂನ ಹಿಂದಿನ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಶೆಡ್ಡಿನೊಳಗೆ ಕಾಲಿಡುವುದಿಲ್ಲ. ಫೀಡ್ ಮೂಟೆ ಇಡುವ ಕೋಣೆಯಲ್ಲಿ ಕೂತು, ಕಿಟಕಿ ಮುಚ್ಚಿಕೊಂಡು ಚದುರಂಗ ಆಡುತ್ತಾರೆ. ಷಡ್ಡಕರು ಫ್ಲಾಸ್ಕಿನಲ್ಲಿ ಚಹಾ ತಂದಿರುತ್ತಾರೆ. ಇದು ಎರಡು ವರ್ಷದಿಂದ ನಡೆದಿದೆ. ಗೆಳೆಯರು ಇದುವರೆಗೆ ಗೆದ್ದದ್ದು ಒಂದೇ ಆಟ, ಅಂದು ಷಡ್ಡಕರಿಗೆ ಜ್ವರವಿತ್ತು.

ಈಗ ಗೆಳೆಯರಿಗೆ ಊಟ ಸೇರುತ್ತಿಲ್ಲ. ತನ್ನಿಂದಲೇ ಹೀಗಾಯಿತೇನೋ, ಆ ಮನೆಯವರು ಊರೇ ಬಿಡುವ ಹಾಗಾಯಿತೇನೋ ಎಂದು ಒಳಗೊಳಗೇ ಬೇಯುತ್ತಿದ್ದಾರೆ. ಬೇಗ ಬರಿ.

ಗೆಳೆಯರ ಪರವಾಗಿ,
ಅಪ್ಪ


ಜೂನ್ 28

ಅಪ್ಪಾ,

ನಿಮ್ಮ ಗೆಳೆಯರಿಗೆ ನನ್ನ ನಮಸ್ಕಾರ ತಿಳಿಸಿ. ಅವರ ವಾಕಿಂಗಿನ ಗುಟ್ಟು ತಿಳಿದು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ನಗು ನಿಂತಿತು.

ಬ್ಯಾಕ್ಟೀರಿಯಾ ಯಾರ ಹೆಸರನ್ನೂ ಬರೆದುಕೊಳ್ಳುವುದಿಲ್ಲ. ಎತ್ತರವನ್ನೂ, ಹೊಟ್ಟೆಯನ್ನೂ ಅಳೆಯುವುದಿಲ್ಲ. ಆದರೆ ಗಂಬೂಟಿನ ಅಡಿಗೆ ಮೆತ್ತಿದ ಹಿಕ್ಕೆಯಲ್ಲಿ ವಾರಗಟ್ಟಲೆ ಹಾಯಾಗಿ ಇರಬಲ್ಲದು. ಮೂಟೆಯ ಕೋಣೆಯಿಂದ ಫೀಡು ದಿನಾ ಶೆಡ್ಡಿಗೆ ಹೋಗುತ್ತದಲ್ಲವೇ? ಹಾಗಾದರೆ ನಿಮ್ಮ ಗೆಳೆಯರು ಶೆಡ್ಡಿನೊಳಗೆ ಹೋದ ಹಾಗೆಯೇ ಆಯಿತು. ಮನೆಯಲ್ಲಿ ಅಷ್ಟು ಚೆಂದದ ವಾಕಿಂಗ್ ಶೂ ಇರುವಾಗ ಕೋಳಿ ಶೆಡ್ಡಿನ ಬೂಟಿನಲ್ಲೇ ಹೋಗಬೇಕಿತ್ತೇ?

ಎರಡು ಕಡೆಯೂ ಶುದ್ಧವೆಂದು ಗೊತ್ತಾಗುವ ತನಕ ಚದುರಂಗ ನಿಲ್ಲಲಿ. ಆ ಬೂಟನ್ನು ಸುಟ್ಟುಹಾಕಲಿ. ಹಿಂದಿನ ಬಾಗಿಲಿನ ವಿಷಯವನ್ನು ಡಾಕ್ಟರಿಗೆ ಇವತ್ತೇ ತಿಳಿಸಲಿ. ಇಷ್ಟು ಸುಲಭ. ಹೆಂಡತಿಗೆ ಹೇಳುವುದು ಕಷ್ಟ, ಆದರೂ ಹೇಳಲಿ. ಅವರ ಬದಲು ನಾನು ಹೇಳುವುದಿಲ್ಲ.

ಅಪ್ಪಾ, ನೀವು ಬೇಕೆಂದು ಮಾಡಿದ್ದಲ್ಲ. ಊಟ ಬಿಡಬೇಡಿ.

ಗುಬ್ಬಿ


ಜುಲೈ 10

ಅಮ್ಮಾ,

ಈ ಕಾಗದ ಬರೆಯಲು ನನಗೆ ಒಂದಿಷ್ಟೂ ಇಷ್ಟವಿಲ್ಲ. ಆದರೆ ಡಾಕ್ಟರು ಕೊಡುವ ವರದಿಯನ್ನು ನೀನು ಒಬ್ಬಳೇ ಓದುವುದೂ ನನಗೆ ಬೇಡ.

ಯಾವ ನಂಬರು ಯಾರದೆಂದು ಕೊನೆಗೆ ಡಾಕ್ಟರು ತಿಳಿಸಿದರು. ಸೇತುವೆಯ ಹತ್ತಿರದ ಫಾರಂನಲ್ಲಿ (ಮುಚ್ಚಿಹೋದದ್ದು, ಹೇಳಲು ಅಡ್ಡಿಯಿಲ್ಲ) ಹೋದ ವರ್ಷ ಇದೇ ಕಾಯಿಲೆ ಬಂದಿತ್ತು. ಆಗಿನ ಬ್ಯಾಕ್ಟೀರಿಯಾವನ್ನು ನಮ್ಮಲ್ಲಿ ಹೆಪ್ಪುಗಟ್ಟಿಸಿ ಇಟ್ಟಿದ್ದೇವೆ. ಗೆಳತಿ ಅದನ್ನು ತೆಗೆದು ನಿನ್ನ ಕೋಳಿಗಳದ್ದರ ಪಕ್ಕದಲ್ಲಿ ಇಟ್ಟು ನೋಡಿದಳು. ಅದರಲ್ಲಿದ್ದ ತಪ್ಪುಗಳೆಲ್ಲ ನಿನ್ನದರಲ್ಲೂ ಇವೆ, ಜೊತೆಗೆ ಎರಡು ಹೊಸವು. ಅದು ನಿನ್ನ ಹಿಂದಿನ ಶೆಡ್ಡಿಗೆ ಬಂದದ್ದು ಪಂಜರಗಳ ಜೊತೆ. ಆ ಮೂಲೆಯ ಕೊಳೆಯನ್ನು ನಾನು ಬರೆದುಕೊಂಡೆ ಅಮ್ಮಾ, ಕ್ಷಮಿಸು.

ನಿನ್ನಿಂದ ಮುಂದಕ್ಕೆ ಅದು ಇನ್ನೊಂದೇ ಒಂದು ಫಾರಂಗೆ ಹೋಗಿದೆ. ಅಲ್ಲಿಯದರಲ್ಲಿ ನಿನ್ನ ಎರಡು ತಪ್ಪುಗಳೂ ಇವೆ, ಮೇಲೆ ತನ್ನದೇ ಒಂದು ಹೊಸ ತಪ್ಪೂ ಇದೆ. ಆ ಹೊಸ ತಪ್ಪು ನಿನ್ನ ಯಾವ ಕೋಳಿಯಲ್ಲೂ ಇಲ್ಲ. ಹಾಗಾಗಿ ಅಲ್ಲಿಂದ ನಿನಗೆ ಬಂತೆನ್ನಲು ದಾರಿಯಿಲ್ಲ. ಅದು ಯಾವ ಫಾರಂ ಎಂದು ಬರೆಯಲು ನನಗೆ ಅನುಮತಿಯಿಲ್ಲ. ನಿನಗೆ ಬರೆದು ತಿಳಿಸಬೇಕಾಗಿಯೂ ಇಲ್ಲ.

ಯಾರ ಕಾಲಿನಲ್ಲಿ ಹೋಯಿತು, ಹೇಗೆ ಹೋಯಿತು ಎಂಬುದನ್ನು ಅಕ್ಷರಗಳು ಹೇಳುವುದಿಲ್ಲ. ಅದನ್ನು ಮನುಷ್ಯರೇ ಹೇಳಬೇಕು. ಕಾಗೆಗಳನ್ನು ಬಿಟ್ಟುಬಿಡು. ಇವತ್ತು ಅಪ್ಪನ ತಟ್ಟೆಗೆ ಸ್ವಲ್ಪ ಹೆಚ್ಚು ಬಡಿಸಿ, ಎದುರಿಗೆ ಕೂತುಕೋ.

ಇನ್ನೊಂದು ಮಾತು. ಆ ಫಾರಂನವರಿಗೂ ವರದಿ ಹೋಗುತ್ತದೆ, ಆದರೆ ಅದರಲ್ಲಿ ನಿನ್ನ ಹೆಸರಿರುವುದಿಲ್ಲ, ಬರೀ ನಂಬರು. ಅದು ನಿನ್ನದೆಂದು ಅವರಿಗೆ ನಾನೂ ಹೇಳುವಂತಿಲ್ಲ, ಡಾಕ್ಟರೂ ಹೇಳುವಂತಿಲ್ಲ. ನೀನು ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ನಿನ್ನ ಮೇಲೆ ನನಗೆ ಒಂಚೂರೂ ಕೋಪವಿಲ್ಲ.

ಗುಬ್ಬಿ


ಜುಲೈ 16

ಗುಬ್ಬಿ,

ಕೋಪ ಮಾಡಿಕೊಳ್ಳಲು ನೀನು ಯಾರು? ಕೋಪವೆಲ್ಲ ನನಗೇ ಬೇಕು, ಸದ್ಯಕ್ಕೆ ಯಾರಿಗೂ ಕೊಡಲಾರೆ.

ನಿಮ್ಮಪ್ಪನಿಗೆ ಬಡಿಸಿ ಎದುರಿಗೆ ಕೂತೆ. "ನಮ್ಮ ಕಾಯಿಲೆಯನ್ನ ಆ ಕಡೆ ಹೊತ್ಕೊಂಡು ಹೋದವರ ಕಾಲು ಮುರೀಬೇಕು" ಎಂದೆ. ಒಂದು ತುತ್ತು ನುಂಗಿದರು. "ಕಾಲು ಬೇಕಾದ್ರೆ ಮುರಿ, ಚದುರಂಗ ಆಡೋದು ಕೈಯಲ್ಲಿ" ಎಂದರು. ಆಮೇಲೆ ಎಲ್ಲವನ್ನೂ ಕಕ್ಕಿದರು.

ಮೂರು ವರ್ಷ ರಸ್ತೆಯ ಆ ಬದಿಗೆ ತಿರುಗಿಯೂ ನೋಡದೆ ನಾನು ಕತ್ತು ನೋವು ತರಿಸಿಕೊಂಡೆ. ಇವರು ಅಲ್ಲಿ ಮೂಟೆಯ ಮೇಲೆ ಕೂತು ಆನೆ ಕುದುರೆ ನಡೆಸುತ್ತಿದ್ದರು! "ಅವಳಿಗೂ ಗೊತ್ತಾ?" ಎಂದೆ. "ಇಲ್ಲ ಇಲ್ಲ, ಅವಳಿಗೇನೂ ಗೊತ್ತಿಲ್ಲ, ಕಿಟಕಿ ಮುಚ್ಕೊಂಡು ಆಡ್ತೀವಿ" ಎಂದರು. ಒಳ್ಳೆ ಕಳ್ಳರು. ಎರಡು ದಿನ ಮಾತು ಬಿಟ್ಟೆ. ಮೂರನೆಯ ದಿನ ಪಂಜರಗಳನ್ನು ಮತ್ತೆ ಬಿಚ್ಚಿಸಿ ತೊಳೆಸಬೇಕಾಗಿ ಬಂತು, ಮಾತಾಡದೆ ಆಗುವ ಕೆಲಸವಲ್ಲ ಅದು. ಅವರೇ ನಿಂತು ಒಂದೊಂದು ಸರಳನ್ನೂ ಉಜ್ಜಿದರು. ಪಾಪ.

ಆದರೆ ಗುಬ್ಬಿ, ಬೂಟು ಅವರದಾದರೂ ಕೊಳೆ ನನ್ನದು. ಆ ಕೊನೆಯ ಸಾಲಿಗೆ ಬರೀ ನೀರು ಸಾಕು ಎಂದವಳು ನಾನೇ. ಅವಳ ಅರ್ಧ ಕೋಳಿಗಳು ಹೋದದ್ದು ಅದರಿಂದ. ರಾತ್ರಿ ಹಾಸಿಗೆಯಲ್ಲಿ ಬೇರೇನೂ ತಲೆಗೆ ಬರುವುದಿಲ್ಲ.

ನಾನು ಹೇಳದಿದ್ದರೆ ಅವಳಿಗೆ ತಿಳಿಯುವುದಿಲ್ಲ ಎಂದು ಬರೆದಿದ್ದೀಯ. ಸರಿ. ಹೇಳಿದರೆ ಏನಾಗುತ್ತದೆ? ಹೋಗುವವಳು ಹೋಗಿಯೇ ಹೋಗುತ್ತಾಳೆ, ಹೋಗುವಾಗ ನನ್ನನ್ನು ಬೈದುಕೊಂಡು ಹೋಗುತ್ತಾಳೆ, ಅಷ್ಟೇ. ಆದ್ದರಿಂದ ಹೇಳುವುದಿಲ್ಲ ಎಂದು ಖಡಾಖಂಡಿತವಾಗಿ ತೀರ್ಮಾನಿಸಿದ್ದೇನೆ. ನನ್ನ ಮಾತೆಂದರೆ ಮಾತು.

ಇಷ್ಟು ಬರೆದು ಎದ್ದು, ಸ್ನಾನ ಮಾಡಿ, ಶೆಡ್ಡಿಗೆ ಎಂದೂ ಹಾಕದ ಬಟ್ಟೆ ಹಾಕಿಕೊಂಡು ಬಂದಿದ್ದೇನೆ. ಹೊಸ ಚಪ್ಪಲಿಯನ್ನು ಪೆಟ್ಟಿಗೆಯಿಂದ ತೆಗೆದಿದ್ದೇನೆ. ಈ ಕಾಗದವನ್ನು ದಾರಿಯಲ್ಲಿ ಡಬ್ಬಿಗೆ ಹಾಕುತ್ತೇನೆ.

ಅಮ್ಮ


ಜುಲೈ 24

ಗುಬ್ಬಿ ಮರಿ,

ಈ ಅಕ್ಷರ ನೋಡಿ ಬೆರಗಾಗಬೇಡ, ನಾನು ನಿನ್ನ ಚಿಕ್ಕಮ್ಮನೇ. ನಿಮ್ಮಮ್ಮ ಏನು ಬರೆದಿದ್ದಾಳೋ ನನಗೆ ಗೊತ್ತಿಲ್ಲ. ಅವಳು ಉಪ್ಪು ಖಾರ ಹಚ್ಚುವ ಮುಂಚೆ ನಡೆದದ್ದನ್ನು ನಾನೇ ಹೇಳಿಬಿಡುತ್ತೇನೆ.

ಮೊದಲು ನನ್ನ ಕಡೆಯದು. ಭಾವ ಹಿಂದಿನ ಬಾಗಿಲಿನಿಂದ ಬರುವುದು ನನಗೆ ಮೊದಲ ವಾರದಿಂದಲೇ ಗೊತ್ತಿತ್ತು. ಆ ಫ್ಲಾಸ್ಕು ತುಂಬಿಸಿ ಇಡುತ್ತಿದ್ದವಳು ಯಾರು? ನಿನ್ನ ಚಿಕ್ಕಪ್ಪ ಒಬ್ಬರೇ ಅಷ್ಟು ಚಹಾ ಕುಡಿದರೆ ನಿದ್ದೆಯೇ ಬರಲಿಕ್ಕಿಲ್ಲ. ಇಬ್ಬರೂ ನನ್ನ ಕಣ್ಣಿಗೆ ಮಣ್ಣೆರಚಿದೆವೆಂದು ಹಿಗ್ಗುತ್ತಿದ್ದರು, ನಾನೂ ಹಿಗ್ಗಲು ಬಿಟ್ಟೆ. ಏಕೆಂದರೆ ಊಟಕ್ಕೆ ಕೂತಾಗ ಇವರು, "ಯಾರೋ ಹೇಳಿದ್ರು, ನಿಮ್ಮಕ್ಕನಿಗೆ ಮಂಡಿ ನೋವಂತೆ", "ಯಾರೋ ಹೇಳಿದ್ರು, ಗುಬ್ಬಿಗೆ ಬಡ್ತಿ ಆಯ್ತಂತೆ" ಎನ್ನುತ್ತಿದ್ದರು. ನನಗೆ ಅಕ್ಕನ ಸುದ್ದಿ ಬರುತ್ತಿದ್ದ ದಾರಿ ಅದೊಂದೇ. ಕಾಯಿಲೆ ಬಂದಾಗ ಡಾಕ್ಟರು, "ಒಳಗೆ ಯಾರಾದ್ರೂ ಬರ್ತಾರಾ?" ಎಂದು ಕೇಳಿದರು. "ಹೊರಗಿನವರು ಯಾರೂ ಬಂದಿಲ್ಲ" ಎಂದೆ. ಭಾವ ಎಲ್ಲಾದರೂ ಹೊರಗಿನವರಾಗುತ್ತಾರೆಯೇ? ಹಾಗೆಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಹೇಳಿದರೆ ಬರುವುದು ನಿಲ್ಲುತ್ತದೆ ಎಂದು ಹೆದರಿದೆ. ಭಾವನೇ ಹೋಗಿ ಡಾಕ್ಟರಿಗೆ ಹೇಳಿದರಂತೆ. ಬರುವುದೂ ನಿಂತಿತು. ಮಾರುವ ಮಾತು ಮೊದಲೇ ಎದ್ದಿತ್ತು, ನಾನು ಪೂರ್ತಿ ಮನಸ್ಸು ಮಾಡಿರಲಿಲ್ಲ. ಆ ಮೇಲೆ ನನಗೆ ಇಲ್ಲಿ ಏನಿದೆ ಅನಿಸಿತು. ಫಾರಂ ಮಾರುತ್ತೇನೆಂದು ಪಟ್ಟು ಹಿಡಿದದ್ದು ಕೋಳಿಗಳಿಗಾಗಿ ಅಲ್ಲ ಗುಬ್ಬಿ, ಕೋಳಿ ಮತ್ತೆ ತರಬಹುದು.

ಹೋದ ವಾರ ಗೇಟಿನ ಹತ್ತಿರ ಯಾರೋ ಕೆಮ್ಮಿದ ಹಾಗಾಯಿತು. ನೋಡಿದರೆ ಅಕ್ಕ. ಮದುವೆಗೆ ಹೊರಟವಳ ಹಾಗೆ ಅಚ್ಚುಕಟ್ಟಾಗಿ ನಿಂತಿದ್ದಳು. ನನ್ನ ಕೈಯಲ್ಲಿದ್ದ ಬಕೆಟ್ಟು ಅಲ್ಲೇ ಉರುಳಿತು. ಬೈಯಲು ಬಂದಿದ್ದಾಳೆಂದು ನಾನೂ ಸೆರಗು ಬಿಗಿದುಕೊಂಡೆ. ಅವಳು ಗೇಟಿನ ಸರಳು ಹಿಡಿದುಕೊಂಡು, "ನಿನ್ನ ಕೋಳಿಗಳಿಗೆ ಬಂದಿದ್ದು ನನ್ನ ಶೆಡ್ಡಿನಿಂದ ಕಣೇ. ಪಂಜರ ಸರಿಯಾಗಿ ತೊಳೆಸ್ಲಿಲ್ಲ ನಾನು. ಹೇಳದೇ ಇದ್ದುಬಿಡೋಣ ಅಂತಿದ್ದೆ, ಆಗ್ಲಿಲ್ಲ," ಎಂದಳು. ಒಂದೇ ಉಸಿರಿನಲ್ಲಿ.

ನಾನು ಉರುಳಿದ ಬಕೆಟ್ಟನ್ನು ಎತ್ತಿ ನಿಲ್ಲಿಸಿದೆ. ಅವಳು ಇನ್ನೂ ಸರಳು ಹಿಡಿದೇ ಇದ್ದಳು. ಆಮೇಲೆ ಸಣ್ಣ ದನಿಯಲ್ಲಿ, "ಒಳಗೆ ಬರ್ಲಾ?" ಎಂದು ಕೇಳಿದಳು.

ಗುಬ್ಬಿ, ನಾನು ಹುಟ್ಟಿದಾಗಿನಿಂದ ನಿಮ್ಮಮ್ಮ ನನ್ನನ್ನು ಕೇಳಿ ಏನನ್ನೂ ಮಾಡಿದವಳಲ್ಲ. ನನ್ನ ಜಡೆ ಕತ್ತರಿಸುವಾಗ ಕೇಳಲಿಲ್ಲ, ನನಗೆ ಗಂಡು ಹುಡುಕುವಾಗ ಕೇಳಲಿಲ್ಲ. ಅವಳು ಕೇಳಿದ್ದು ಇದೇ ಮೊದಲು.

"ಬೇಡ" ಎಂದೆ.

ಅವಳ ಮುಖ ನೋಡಬೇಕಿತ್ತು ನೀನು. ಆದರೆ ಡಾಕ್ಟರು ಯಾರನ್ನೂ ಒಳಗೆ ಬಿಡಬೇಡಿ ಎಂದಿದ್ದಾರೆ, ಇನ್ನೊಂದು ಸಲ ಅದೇ ತಪ್ಪು ಮಾಡಲು ನನಗೆ ಆಗುವುದಿಲ್ಲ. "ನೀನು ಬರ್ಬೇಡ, ನಾನೇ ಬರ್ತೀನಿ, ಇರು" ಎಂದು ಕೂಗಿದೆ. ಬೂಟು ಕಳಚಿ, ಕೈಕಾಲು ತೊಳೆದು, ಬೇರೆ ಬಟ್ಟೆ ಹಾಕಿಕೊಂಡು ಹೊರಗೆ ಓಡಿದೆ. ರಸ್ತೆಯ ಬದಿಯ ಮೋರಿಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವಳು ಅತ್ತಳು, ನಾನೂ ಅತ್ತೆ, ಆಮೇಲೆ ಯಾವುದೋ ಮಾತಿಗೆ ಇಬ್ಬರಿಗೂ ನಗು ಬಂದು ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಕೊಳ್ಳಲು ಬಂದಿದ್ದವನಿಗೆ ಆ ಸಂಜೆಯೇ ಇಲ್ಲವೆಂದು ಹೇಳಿ ಕಳಿಸಿದೆ.

ಈಗ ದಿನಾ ಸಂಜೆ ನಾವಿಬ್ಬರೂ ಆ ಕಟ್ಟೆಯ ಮೇಲೆ ಕೂರುತ್ತೇವೆ. ಗಂಡಂದಿರು ಎದುರು ಬದಿಯಲ್ಲಿ ಕುರ್ಚಿ ಹಾಕಿಕೊಂಡು ಆಡುತ್ತಾರೆ. ಭಾವ ಇವತ್ತೂ ಸೋತರು. ಎರಡೂ ಫಾರಂಗಳು ಶುದ್ಧವಾದವೆಂದು ನಿಮ್ಮ ಲ್ಯಾಬಿನವರು ಹೇಳುವವರೆಗೆ ಯಾರೂ ಯಾರ ಗೇಟನ್ನೂ ದಾಟುವಂತಿಲ್ಲವಂತೆ. ಪರೀಕ್ಷೆಯನ್ನು ನಿಧಾನವಾಗಿ, ಸರಿಯಾಗಿ ಮಾಡಲಿ. ನಮಗೇನೂ ಅವಸರವಿಲ್ಲ ಎಂದು ನಿಮ್ಮ ಮೇಡಂಗೆ ಹೇಳು.

ನಿನ್ನ
ಚಿಕ್ಕಮ್ಮ